ಹವಾನಾ ಸಿಗಾರ್: ಎಲೆ ಮಾಗೋಕೆ ವರ್ಷಗಳು ಬೇಕು, ಆ ವರ್ಷಗಳ ಲಾಭ ಯಾರಿಗೆ?

1962ರ ಫೆಬ್ರವರಿ. ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿ ತಮ್ಮ ಪತ್ರಿಕಾ ಕಾರ್ಯದರ್ಶಿ ಪಿಯರ್ ಸ್ಯಾಲಿಂಜರ್ ಅವರನ್ನು ಕರೆದು, ನಾಳೆ ಬೆಳಿಗ್ಗೆಯೊಳಗೆ ಸಾವಿರ ಕ್ಯೂಬನ್ ಸಿಗಾರ್ ಹೊಂದಿಸಿಕೊಡಿ ಅಂದರು. ಸ್ಯಾಲಿಂಜರ್ 1,200 ತಂದರು. ಅವು ಕೈಗೆ ಬಂದ ಮೇಲೆಯೇ ಕೆನಡಿ ಕ್ಯೂಬಾದ ಸರಕುಗಳ ಆಮದು ನಿಷೇಧಿಸುವ ಆದೇಶಕ್ಕೆ ಸಹಿ ಹಾಕಿದರಂತೆ. ಈ ಕಥೆಯನ್ನು ಮುಂದೆ ಸ್ಯಾಲಿಂಜರ್ ಅವರೇ ಬರೆದುಕೊಂಡಿದ್ದಾರೆ.

ಆ ಸಹಿಯ ನಂತರ ಅಮೆರಿಕದೊಳಗೆ ಉಳಿದ ಕ್ಯೂಬನ್ ಸಿಗಾರ್‌ಗಳು ಅಪರೂಪದ ವಸ್ತುಗಳಾದವು. ‘ಪ್ರೀ-ಎಂಬಾರ್ಗೋ’ ಅನ್ನೋ ಹೆಸರಲ್ಲಿ ಅವು ಹರಾಜಾಗುತ್ತವೆ. ಅರವತ್ತು ವರ್ಷ ಹಳೆಯ ಒಣ ಎಲೆಗೆ ಯಾಕಷ್ಟು ಬೆಲೆ? ಹಳೇ ಅಕ್ಕಿ, ಹಳೇ ಹುಣಸೆಹಣ್ಣಿನ ಬೆಲೆ ಗೊತ್ತಿರುವ ನಮಗೆ ಅರ್ಧ ಉತ್ತರ ಗೊತ್ತೇ ಇದೆ. ಉಳಿದರ್ಧದಲ್ಲಿ ರಸಾಯನಶಾಸ್ತ್ರವೂ ಇದೆ, ರಾಜಕಾರಣವೂ ಇದೆ.

ಎಲೆಯೊಳಗೆ ಏನಾಗುತ್ತೆ?

ಕ್ಯೂಬಾದ ಹೆಸರಾಂತ ತಂಬಾಕು ಬೆಳೆಯೋದು ಪಶ್ಚಿಮದ ಪಿನಾರ್ ದೆಲ್ ರಿಯೋ ಪ್ರಾಂತ್ಯದ ವುವೆಲ್ತಾ ಅಬಾಹೋ ಪ್ರದೇಶದಲ್ಲಿ. ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ತಂಬಾಕನ್ನು ಬ್ಯಾರನ್‌ನಲ್ಲಿ ಬಿಸಿಗಾಳಿ ಕೊಟ್ಟು ಸುಮಾರು ಒಂದು ವಾರದಲ್ಲಿ ಹದ ಮಾಡುತ್ತಾರೆ. ಅದರಿಂದ ಎಲೆಯ ಸಕ್ಕರೆ ಅಂಶ ಹಾಗೇ ಉಳಿಯುತ್ತೆ. ಸಿಗರೇಟಿಗೆ ಬೇಕಾದದ್ದು ಅದೇ. ಕ್ಯೂಬಾದಲ್ಲಿ ಎಲೆಯನ್ನು ಮರದ ಕೊಟ್ಟಿಗೆಯಲ್ಲಿ ತೂಗುಹಾಕಿ, ಬರೀ ಗಾಳಿಯಲ್ಲಿ ಸುಮಾರು 50 ದಿನ ಒಣಗಿಸುತ್ತಾರೆ. ನಿಧಾನವಾಗಿ ಸಾಯುವ ಎಲೆ ತನ್ನ ಪಿಷ್ಟವನ್ನೂ ಸಕ್ಕರೆಯನ್ನೂ ತಾನೇ ತಿಂದು ಮುಗಿಸುತ್ತೆ. ಹಾಗಾಗಿ ಅದಕ್ಕೆ ರುಚಿ ಬರೋದು ಮುಂದಿನ ಹಂತಗಳಲ್ಲಿ.

ಮೊದಲನೆಯದು ಹುದುಗು. ತೇವ ಮಾಡಿದ ಎಲೆಗಳನ್ನು ರಾಶಿ ಹಾಕಿದರೆ ತಿಪ್ಪೆಗುಂಡಿಯ ಹಾಗೆ ಒಳಗೆ ತಾನಾಗಿಯೇ ಬಿಸಿಯೇರುತ್ತೆ. ಬಿಸಿ ಮಿತಿ ಮೀರಿದರೆ ರಾಶಿ ಬಿಚ್ಚಿ ಮತ್ತೆ ಜೋಡಿಸಬೇಕು. ಈ ಹೊತ್ತಲ್ಲಿ ಪ್ರೋಟೀನ್ ಒಡೆದು, ಕಟು ವಾಸನೆಯ ಅಮೋನಿಯಾ ಹೊರಗೆ ಹೋಗುತ್ತೆ. ಆಮೇಲೆ ಎಲೆಗಳು ಮೂಟೆಯಲ್ಲಿ ಮಲಗುತ್ತವೆ. ಗಿಡದ ಕೆಳಭಾಗದ ತೆಳು ಎಲೆ ‘ವೊಲಾದೋ’ಗೆ ಕನಿಷ್ಠ 9 ತಿಂಗಳು, ನಡುವಿನ ‘ಸೆಕೋ’ಗೆ 12ರಿಂದ 18 ತಿಂಗಳು, ತುದಿಯ ಖಾರದ ಎಲೆ ‘ಲಿಹೇರೋ’ಗೆ ಕನಿಷ್ಠ 2 ವರ್ಷ.

ಸಿಗಾರ್ ಸುತ್ತಿದ ಮೇಲೂ ಕೆಲಸ ಮುಗಿಯಲ್ಲ. ಸುತ್ತುವಾಗ ಎಲೆಯಲ್ಲಿ ತೇವ ಇರುತ್ತೆ, ಹುದುಗು ಒಳಗೊಳಗೇ ಮುಂದುವರಿಯುತ್ತೆ. ಹೊಸ ಸಿಗಾರಿನಲ್ಲಿ ಅಮೋನಿಯಾ ವಾಸನೆ ಇರುವ ಈ ಸಮಯಕ್ಕೆ ಸಂಗ್ರಾಹಕರು ‘ಕಾಯಿಲೆ ಕಾಲ’ ಅಂತಾರೆ. ಅದು ಕಳೆದ ಮೇಲೆ ನಿಜವಾದ ಮಾಗುವಿಕೆ ಶುರು. ಎಲೆಯ ಪಾಲಿಫಿನಾಲ್‌ಗಳು ಗಾಳಿಯ ಆಮ್ಲಜನಕದೊಂದಿಗೆ ಸೇರಿ, ಬಾಳೆಕಾಯಿಯಂಥ ಒಗರು ತಗ್ಗುತ್ತೆ. ಎಲೆಗೆ ಹಳದಿ ಬಣ್ಣ ಕೊಡುವ ಕೆರೊಟಿನಾಯ್ಡ್‌ಗಳು ಒಡೆದು ಹೂವು, ಒಣಹಣ್ಣಿನ ಪರಿಮಳದ ಅಂಶಗಳಾಗುತ್ತವೆ. ಮೊದಲು ಮೆಣಸಿನ ಹಾಗೆ ಚುರುಕು ಅನ್ನಿಸಿದ್ದು ವರ್ಷಗಳ ನಂತರ ಜೇನು, ಬಾದಾಮಿ, ದೇವದಾರು ಮರದ ಕಡೆ ವಾಲುತ್ತೆ.

ಆದರೆ ಇದಕ್ಕೂ ಒಂದು ಕೊನೆ ಇದೆ. ರುಚಿ ಕೊಡುವ ಎಣ್ಣೆಗಳೂ ನಿಧಾನಕ್ಕೆ ಆರಿಹೋಗುತ್ತವೆ. ಲಿಹೇರೋ ಹೆಚ್ಚಿರುವ ಖಾರದ ಸಿಗಾರ್ ಬಹಳ ಕಾಲ ತಾಳುತ್ತೆ, ಹಗುರ ಸಿಗಾರ್ ಬೇಗ ಸಪ್ಪೆಯಾಗುತ್ತೆ. ಇಡುವ ಜಾಗವೂ ಮುಖ್ಯ: ತೇವಾಂಶ ಶೇ. 65ರಿಂದ 70, ಉಷ್ಣಾಂಶ 16ರಿಂದ 18 ಡಿಗ್ರಿ ಸೆಲ್ಸಿಯಸ್. ಸೆಕೆ ಹೆಚ್ಚಾದರೆ ತಂಬಾಕು ಹುಳ ಮೊಟ್ಟೆಯೊಡೆದು ಬರುತ್ತೆ.

ಕಾಯೋಕೂ ಬಂಡವಾಳ ಬೇಕು

ಅಂದರೆ ಒಳ್ಳೆ ರುಚಿಗೆ ಬೇಕಾದದ್ದು ಸಮಯ, ಜಾಗ, ತಂಪು. ಮೂರೂ ದುಡ್ಡಿನ ಮಾತೇ. ಡಾಲರ್ ಕೊರತೆಯಲ್ಲಿರುವ ದೇಶ ಮಾಲನ್ನು ಹತ್ತು ವರ್ಷ ಗೋದಾಮಿನಲ್ಲಿ ಇಟ್ಟುಕೊಂಡು ಕೂರೋಕಾಗಲ್ಲ, ಮಾರಲೇಬೇಕು. ಹಾಗಾಗಿ ಕಾಯುವ ಕೆಲಸ ಶ್ರೀಮಂತ ಕೊಳ್ಳುಗನ ಮನೆಗೆ ವರ್ಗವಾಗುತ್ತೆ. ಕಾದಿದ್ದರ ಲಾಭವೂ ಅಲ್ಲೇ ನಿಲ್ಲುತ್ತೆ.

1960ರಲ್ಲಿ ಕ್ರಾಂತಿ ಸರ್ಕಾರ ಸಿಗಾರ್ ಕಾರ್ಖಾನೆಗಳನ್ನು ರಾಷ್ಟ್ರೀಕರಣ ಮಾಡಿತು. ಇವತ್ತು ಕ್ಯೂಬನ್ ಸಿಗಾರ್‌ಗಳನ್ನು ಜಗತ್ತಿಗೆ ಮಾರುವ ಹಬಾನೋಸ್ ಕಂಪನಿಯಲ್ಲಿ ಅರ್ಧ ಪಾಲು ಕ್ಯೂಬಾ ಸರ್ಕಾರದ್ದು, ಇನ್ನರ್ಧ ವಿದೇಶಿ ಬಂಡವಾಳ. ಆ ಅರ್ಧವನ್ನು ಇಂಪೀರಿಯಲ್ ಬ್ರ್ಯಾಂಡ್ಸ್ 2020ರಲ್ಲಿ ಏಷ್ಯಾದ ಹೂಡಿಕೆದಾರರಿಗೆ ಮಾರಿತು. ಕಂಪನಿಯೂ ಈಗ ವಯಸ್ಸನ್ನೇ ಮಾರುತ್ತಿದೆ: ‘ರಿಸೆರ್ವಾ’ ಅಂದರೆ ಕನಿಷ್ಠ 3 ವರ್ಷ ಮಾಗಿದ ಎಲೆ, ‘ಗ್ರಾನ್ ರಿಸೆರ್ವಾ’ ಅಂದರೆ 5 ವರ್ಷ. 2022ರಲ್ಲಿ ಕೊಹೀಬಾದಂಥ ದುಬಾರಿ ಬ್ರ್ಯಾಂಡ್‌ಗಳ ಬೆಲೆಯನ್ನು ಜಗತ್ತಿನಾದ್ಯಂತ ಹಾಂಗ್‌ಕಾಂಗ್ ಮಟ್ಟಕ್ಕೆ ಏರಿಸಲಾಯಿತು.

ಅದೇ ವರ್ಷ ಸೆಪ್ಟೆಂಬರ್ 27ರಂದು ಇಯಾನ್ ಚಂಡಮಾರುತ ಪಿನಾರ್ ದೆಲ್ ರಿಯೋಗೆ ಅಪ್ಪಳಿಸಿ, ಎಲೆ ಒಣಗಿಸುವ ಸಾವಿರಾರು ಕೊಟ್ಟಿಗೆಗಳನ್ನು ನೆಲಸಮ ಮಾಡಿತು. ಕೊಟ್ಟಿಗೆ ಇಲ್ಲದಿದ್ದರೆ ಎಲೆ ಇಲ್ಲ. ಎಲೆಯ ಅಭಾವ ಅಂದರೆ, ಈಗಾಗಲೇ ಯಾರದ್ದೋ ಕಪಾಟಿನಲ್ಲಿರುವ ಹಳೇ ಡಬ್ಬಿಗೆ ಇನ್ನೂ ಬೇಡಿಕೆ. ರೈತನ ನಷ್ಟ ಸಂಗ್ರಾಹಕನ ಲಾಭವಾಗೋದು ಹೀಗೆ. ರೈತ ತನ್ನ ಬೆಳೆಯ ಬಹುಪಾಲನ್ನು ಸರ್ಕಾರ ನಿಗದಿ ಮಾಡಿದ ದರಕ್ಕೆ ಕೊಡಬೇಕು. ಹರಾಜಿನ ಬೆಲೆ ಅವನ ಹೊಲಕ್ಕೆ ವಾಪಸ್ ಬರಲ್ಲ.

ಇದಕ್ಕೆ ಅಮೆರಿಕದ ದಿಗ್ಬಂಧನ ಕಾರಣವೋ, ಹವಾನಾ ಸರ್ಕಾರದ ನೀತಿಯೋ? ಎರಡೂ. 2016ರಲ್ಲಿ ಒಬಾಮ ಸರ್ಕಾರ ಅಮೆರಿಕದ ಪ್ರವಾಸಿಗರಿಗೆ ಸ್ವಂತ ಬಳಕೆಯ ಸಿಗಾರ್ ತರಲು ಇದ್ದ ಮಿತಿ ತೆಗೆದರೆ, 2020ರಲ್ಲಿ ಟ್ರಂಪ್ ಸರ್ಕಾರ ಬಾಗಿಲು ಮುಚ್ಚಿತು. ಇತ್ತ ಐಷಾರಾಮಿ ಸಿಗಾರಿನ ವಹಿವಾಟು ಏರುತ್ತಿದ್ದಾಗಲೇ, 2024ರ ಅಕ್ಟೋಬರ್‌ನಲ್ಲಿ ಕ್ಯೂಬಾದ ವಿದ್ಯುತ್ ಜಾಲ ಪೂರ್ತಿ ಕುಸಿದು ಇಡೀ ದೇಶ ಕತ್ತಲಲ್ಲಿ ಕೂತಿತ್ತು.

ಸುತ್ತುವ ಕೈ, ಕೇಳುವ ಕಿವಿ

ಇದೇ ಕಾರ್ಖಾನೆಗಳಿಗೆ ಇನ್ನೊಂದು ಚರಿತ್ರೆಯೂ ಇದೆ. 1865ರಲ್ಲಿ ಹವಾನಾದ ಸಿಗಾರ್ ಕಾರ್ಮಿಕರು ತಮ್ಮ ಕೂಲಿಯಿಂದಲೇ ದುಡ್ಡು ಕೂಡಿಸಿ, ಕೆಲಸದ ಹೊತ್ತಲ್ಲಿ ಪತ್ರಿಕೆ, ಪುಸ್ತಕ ಗಟ್ಟಿಯಾಗಿ ಓದೋಕೆ ಒಬ್ಬರನ್ನು ಕೂರಿಸಿಕೊಂಡರು. ಮರುವರ್ಷವೇ ಸ್ಪೇನ್ ಆಡಳಿತ ಅದನ್ನು ನಿಷೇಧಿಸಿತು. ಆದರೂ ಪದ್ಧತಿ ಸಾಯಲಿಲ್ಲ. 1891ರಲ್ಲಿ ಹೊಸೆ ಮಾರ್ತಿ ಸ್ವಾತಂತ್ರ್ಯ ಹೋರಾಟಕ್ಕೆ ಬೆಂಬಲ ಕೇಳಿಕೊಂಡು ಹೋದದ್ದು ಫ್ಲೋರಿಡಾದ ಟ್ಯಾಂಪಾದಲ್ಲಿದ್ದ ಇಂಥದ್ದೇ ಕ್ಯೂಬನ್ ಸಿಗಾರ್ ಕಾರ್ಮಿಕರ ಬಳಿಗೆ.

ಕೊನೆಗೆ ಒಂದು ಮಾತು. ವಯಸ್ಸು ಹೊಗೆಯನ್ನು ನಯ ಮಾಡುತ್ತೆ, ನಿರುಪದ್ರವಿ ಮಾಡಲ್ಲ. ಕ್ಯಾನ್ಸರ್‌ಕಾರಕ ನೈಟ್ರೊಸಮೈನ್‌ಗಳು ಹುಟ್ಟೋದು ಎಲೆ ಒಣಗುವ, ಹುದುಗುವ ಇದೇ ಹಂತಗಳಲ್ಲಿ. ಹೊಗೆ ಒಳಗೆ ಎಳೆಯದಿದ್ದರೂ ಬಾಯಿಯ ಒಳಚರ್ಮವೇ ನಿಕೋಟಿನ್ ಹೀರಿಕೊಳ್ಳುತ್ತೆ. ಸಿಗಾರಿನ ಜೀವಂತ ಜಾಹೀರಾತಿನಂತಿದ್ದ ಫಿಡೆಲ್ ಕ್ಯಾಸ್ಟ್ರೋ ಕೂಡ 1985ರಲ್ಲಿ ಸೇದೋದು ಬಿಟ್ಟರು. ಸಿಗಾರ್ ಬಿಡೋ ಆಯ್ಕೆ ಅವರಿಗಿತ್ತು. ತಂಬಾಕು ಬೆಳೆಯೋದು ಬಿಡುವ ಆಯ್ಕೆ ಪಿನಾರ್ ದೆಲ್ ರಿಯೋದ ರೈತನಿಗೆ ಅಷ್ಟು ಸುಲಭವಲ್ಲ. ಹುಣಸೂರಿನ ರೈತನಿಗೂ ಅಷ್ಟೇ.