ಮಂಗಳೂರಿನ ತೆರೆಯಲ್ಲಿ ನಗಿಸುವ ರೌಡಿ, ಹೆದರಿಸುವ ರೌಡಿ

ದೊಡ್ಡ ರೌಡಿಯಾಗಬೇಕೆಂದು ಹೊರಟು ಹೆಜ್ಜೆಹೆಜ್ಜೆಗೂ ಎಡವುವವನನ್ನು ಕಂಡು ಪ್ರೇಕ್ಷಕರು ನಗುವುದೇಕೆ ಎಂಬ ಪ್ರಶ್ನೆಗೆ ಭಾರತೀಯ ಕಾವ್ಯಮೀಮಾಂಸೆಯಲ್ಲಿ ಹಳೆಯ ಉತ್ತರವೊಂದಿದೆ. ವಿಕೃತವಾದ, ಎಂದರೆ ಸಂದರ್ಭಕ್ಕೆ ಹೊಂದದ, ವೇಷ, ಮಾತು ಮತ್ತು ನಡೆಗಳಿಂದ ಹಾಸ್ಯ ಹುಟ್ಟುತ್ತದೆ ಎಂದು ಭರತನ ನಾಟ್ಯಶಾಸ್ತ್ರ ಹೇಳಿದರೆ, ಅದಕ್ಕೆ ವ್ಯಾಖ್ಯಾನ ಬರೆದ ಅಭಿನವಗುಪ್ತನು ಯಾವುದೇ ರಸವು ಸಲ್ಲದ ಕಡೆ ಕಾಣಿಸಿಕೊಂಡು ಬರಿಯ ತೋರಿಕೆಯಾದಾಗ, ಅಂದರೆ ರಸಾಭಾಸವಾದಾಗ, ಅದು ಹಾಸ್ಯಕ್ಕೆ ತಿರುಗುತ್ತದೆ ಎಂದು ವಿವರಿಸುತ್ತಾನೆ. ಕತ್ತಿ ಹಿಡಿದವನ ಕೈಯೇ ನಡುಗಿದಾಗ ರೌದ್ರವು ನಗೆಯಾಗುವುದು ಹೀಗೆ.

ಸಿನಿಮಾದಲ್ಲಿಯೂ ಈ ನಗೆ ಕಾಣುತ್ತದೆ. ಇಟಲಿಯ ಮಾರಿಯೊ ಮೊನಿಚೆಲ್ಲಿ 1958ರಲ್ಲಿ ನಿರ್ದೇಶಿಸಿದ ‘ಬಿಗ್ ಡೀಲ್ ಆನ್ ಮಡೋನ್ನಾ ಸ್ಟ್ರೀಟ್’ ಚಿತ್ರದಲ್ಲಿ ಗಿರವಿ ಅಂಗಡಿಗೆ ಪಕ್ಕದ ಮನೆಯೊಳಗಿಂದ ಕನ್ನ ಹಾಕಲು ಹೊರಟವರು ತಪ್ಪು ಗೋಡೆ ಕೊರೆದು ಅದೇ ಮನೆಯ ಅಡುಗೆಕೋಣೆಯನ್ನು ಸೇರಿ, ಅಲ್ಲಿದ್ದ ಕಡಲೆ ಹಾಕಿದ ಪಾಸ್ತಾ ತಿನ್ನುತ್ತಾ ಕೂರುತ್ತಾರೆ. ನಲನ್ ಕುಮಾರಸಾಮಿ ನಿರ್ದೇಶನದ ತಮಿಳಿನ ‘ಸೂದು ಕವ್ವುಂ’ (2013) ಚಿತ್ರದಲ್ಲಿ ಅಪಹರಣಕ್ಕೊಳಗಾದ ಮಂತ್ರಿಯ ಮಗನೇ ಅಪಹರಣಕಾರರ ಜೊತೆಗೂಡಿ ತಂದೆಯಿಂದ ಹಣ ಕೀಳಲು ನೋಡುತ್ತಾನೆ. ಎರಡರಲ್ಲಿಯೂ ಅಪರಾಧದ ಗಾಂಭೀರ್ಯ ಕುಸಿದು, ಕೆಲಸವಿಲ್ಲದ, ಕಾಸಿಲ್ಲದ ಬಡಪಾಯಿಗಳು ಕಣ್ಣಿಗೆ ಬೀಳುತ್ತಾರೆ. ಈ ಬಗೆಯ ಚಿತ್ರಗಳ ಮಾನವೀಯತೆ ಇರುವುದು ಅಲ್ಲಿಯೇ.

ಮಂಗಳೂರಿನಲ್ಲಿ ಇಂಥ ನಗೆಗೆ ನೆಲ ಹದವಾಗಿದ್ದುದು ರಂಗಭೂಮಿಯಿಂದ. 1971ರ ‘ಎನ್ನ ತಂಗಡಿ’ಯಿಂದ ಆರಂಭವಾದ ತುಳು ಚಿತ್ರರಂಗಕ್ಕೆ ಮರುಜೀವ ಬಂದದ್ದು 2011ರ ‘ಒರಿಯರ್ದೊರಿ ಅಸಲ್’ ಚಿತ್ರದಿಂದ, ಅದು ವಿಜಯಕುಮಾರ್ ಕೊಡಿಯಾಲ್‌ಬೈಲ್ ಅವರ ಜನಪ್ರಿಯ ನಾಟಕದ ಚಿತ್ರರೂಪ. 2014ರಲ್ಲಿ ತೆರೆಕಂಡ ‘ಚಾಲಿ ಪೋಲಿಲು’ ನಗರದಲ್ಲಿ 500ಕ್ಕೂ ಹೆಚ್ಚು ದಿನ ಓಡಿತು. ದೇವದಾಸ್ ಕಾಪಿಕಾಡ್, ನವೀನ್ ಡಿ. ಪಡೀಲ್, ಭೋಜರಾಜ್ ವಾಮಂಜೂರು, ಅರವಿಂದ ಬೋಳಾರ್ ಮುಂತಾದ ನಟರು ವೇದಿಕೆಯ ಮೇಲೆ ಪಳಗಿ ಬಂದವರಾದ್ದರಿಂದ ಅವರ ಹಾಸ್ಯ ಹೊಡೆದಾಟಕ್ಕಿಂತ ಮಾತನ್ನೇ ನೆಚ್ಚಿಕೊಂಡಿದೆ. ಪೋಲಿ, ಪುಂಡ, ಬಡಾಯಿಕೋರ ಯಾರೇ ಬರಲಿ, ಎದುರಿಗಿದ್ದವನು ಥಟ್ಟನೆ ಕೊಡುವ ಮರುಮಾತಿನಲ್ಲಿ ಅವನ ಗತ್ತು ಇಳಿದುಹೋಗುತ್ತದೆ.

ಇದಕ್ಕೆ ಸೇರಿಕೊಂಡಂತೆ ಮಂಗಳೂರು ಕನ್ನಡದ ಸಂಗತಿಯೂ ಇದೆ. ‘ಎಂತ ಮಾರಾಯ’, ‘ಆಯಿತಾ’ ಎನ್ನುವ, ಪುಸ್ತಕದ ಭಾಷೆಗೆ ಹತ್ತಿರವಾದ ಈ ನುಡಿಯನ್ನು ಕನ್ನಡ ಚಿತ್ರಗಳು ಬಹುಕಾಲ ಹೆಚ್ಚಾಗಿ ನಗೆಪಾತ್ರಗಳ ಬಾಯಲ್ಲಿಯೇ ಇಟ್ಟಿದ್ದವು. ಈ ನುಡಿಯಲ್ಲಿ ಯಾರನ್ನಾದರೂ ಬೆದರಿಸಬಹುದೆಂಬ ಕಲ್ಪನೆಯೇ ಹೊರಗಿನವರಿಗೆ ಇದ್ದಂತಿಲ್ಲ. ಅದು ಅನ್ಯಾಯವೆಂದೇ ಹೇಳಬೇಕು. ನಿರ್ದೇಶಕ ರಾಜ್ ಬಿ. ಶೆಟ್ಟಿ 2017ರ ‘ಒಂದು ಮೊಟ್ಟೆಯ ಕಥೆ’ಯಲ್ಲಿ ಅದೇ ನುಡಿಗೆ ನಾಯಕನ ಸ್ಥಾನ ಕೊಟ್ಟರು, 2021ರ ನವೆಂಬರಿನಲ್ಲಿ ಬಿಡುಗಡೆಯಾದ ‘ಗರುಡ ಗಮನ ವೃಷಭ ವಾಹನ’ದಲ್ಲಿ ಅದಕ್ಕೆ ಭಯದ ದನಿಯನ್ನೂ ಕೊಟ್ಟರು.

ಮಂಗಳಾದೇವಿಯ ಪರಿಸರದಲ್ಲಿ ನಡೆಯುವ ಈ ಚಿತ್ರದ ಹರಿ ಮತ್ತು ಶಿವ, ಪಾತ್ರಧಾರಿಗಳು ರಿಷಬ್ ಶೆಟ್ಟಿ ಮತ್ತು ಸ್ವತಃ ನಿರ್ದೇಶಕರು, ಮೊದಲಿಗೆ ಹಾಸ್ಯಚಿತ್ರದ ಪುಂಡರಿಗಿಂತ ಬಹಳ ಬೇರೆಯವರಲ್ಲ: ಅದೇ ಓಣಿ, ಅದೇ ಹರಟೆ, ಮೈದಾನದಲ್ಲಿ ಹುಡುಗರೊಡನೆ ಅದೇ ಕ್ರಿಕೆಟ್. ವ್ಯತ್ಯಾಸ ಇರುವುದು ಮಾತಿನಲ್ಲಿ. ಹಾಸ್ಯದ ರೌಡಿ ತನ್ನ ಭೀಕರತೆಯನ್ನು ಬಾಯಿಬಿಟ್ಟು ಸಾರಬೇಕಾಗುತ್ತದೆ, ಸಾರಿದಷ್ಟೂ ಯಾರೂ ನಂಬುವುದಿಲ್ಲ. ಶಿವನಾದರೋ ಮಾತೇ ಕಡಿಮೆಯಿರುವವನು, ಮುಂದೆ ಏನು ಮಾಡುವನೆಂಬುದನ್ನು ಯಾರಿಗೂ ತಿಳಿಸದವನು. ಅವನು ಹುಲಿಕುಣಿತದ ಹೆಜ್ಜೆ ಹಾಕುವ ದೃಶ್ಯದಲ್ಲಿ ಮಾತಿನ ಹಂಗೇ ಇಲ್ಲ. ನವರಾತ್ರಿಯಲ್ಲಿ ಊರಿಗೆ ಊರೇ ಸಂತೋಷದಿಂದ ನೋಡುವ ಕುಣಿತವದು, ಅಲ್ಲಿ ಮಾತ್ರ ಯಾರಿಗೂ ನಗು ಬರುವುದಿಲ್ಲ.