ಬೌಲಿಂಗ್ ಚೆಂಡಿನ ನಾಲ್ಕನೆಯ ತೂತು

ಮಾಣಿಯಲ್ಲಿ ಹೆದ್ದಾರಿ ಕವಲೊಡೆಯುತ್ತದೆ. ಒಂದು ದಾರಿ ಶಿರಾಡಿ ಹತ್ತಿ ಬೆಂಗಳೂರಿಗೆ, ಇನ್ನೊಂದು ಪುತ್ತೂರು, ಸುಳ್ಯ ದಾಟಿ ಮಡಿಕೇರಿ, ಮೈಸೂರಿಗೆ. ಇಂಥ ಕಡೆ ವೀಲ್ ಬ್ಯಾಲೆನ್ಸಿಂಗ್ ಅಂದರೇನೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಇಪ್ಪತ್ತು ಗ್ರಾಂನ ಸೀಸದ ತುಂಡೊಂದನ್ನು ರಿಮ್ಮಿನ ಸರಿಯಾದ ಜಾಗಕ್ಕೆ ಕೂರಿಸಿದರೆ ಗಡಗಡ ನಡುಗುತ್ತಿದ್ದ ಸ್ಟೇರಿಂಗ್ ತೆಪ್ಪಗಾಗುತ್ತದೆ. ಅದನ್ನೇ ನಡುವಿನ ಹಬ್ಬಿಗೆ ಅಂಟಿಸಿದರೆ ಏನೂ ಆಗದು. ತಿರುಗುವ ವಸ್ತುವಿನಲ್ಲಿ ತೂಕ ಅಕ್ಷದಿಂದ ಎಷ್ಟು ದೂರದಲ್ಲಿದೆ ಎಂಬುದಕ್ಕೇ ಬೆಲೆ.

ಬೌಲಿಂಗ್ ಚೆಂಡಿನಲ್ಲಿ ನಡೆಯುವುದು ಇದರ ಉಲ್ಟಾ ಕೆಲಸ: ತೂಕ ಅಂಟಿಸುವ ಬದಲು ಕೊರೆದು ತೆಗೆಯುವುದು. ಬೆರಳಿಗೆಂದು ಮೂರು ತೂತು ಕೊರೆದಾಗ ಚೆಂಡಿನ ಒಂದು ಪಕ್ಕ ಹಗುರಾಗುತ್ತದೆ. ಆ ವ್ಯತ್ಯಾಸವನ್ನು ನಿಯಮದ ಮಿತಿಯೊಳಗೆ ತರಲು, ಯಾವ ಬೆರಳೂ ಹೋಗದ ಇನ್ನೊಂದು ತೂತು ಕೊರೆಯುತ್ತಿದ್ದರು. ಮುಂದೆ ತಯಾರಕರು ಚೆಂಡಿನೊಳಗೆ ಚಿತ್ರವಿಚಿತ್ರ ಆಕಾರದ ಭಾರವಾದ ಕೋರ್ ಇಡತೊಡಗಿದ ಮೇಲೆ ಈ ತೂತಿಗೆ ಬೇರೆಯದೇ ಕೆಲಸ ಸಿಕ್ಕಿತು.

ಸ್ವಲ್ಪ ಲೆಕ್ಕ ಹಾಕೋಣ. 3 ಸೆಂ.ಮೀ. ಅಗಲ, 7 ಸೆಂ.ಮೀ. ಆಳ ಕೊರೆದರೆ ಹೋಗುವುದು ಸುಮಾರು 60 ಗ್ರಾಂ. ಏಳು ಕಿಲೋ ಹತ್ತಿರದ ಚೆಂಡಿಗೆ ಅದು ನೂರರಲ್ಲಿ ಒಂದು ಪಾಲೂ ಅಲ್ಲ. ಆದರೆ ಆ ಕೋರ್‌ನಿಂದಾಗಿ ಚೆಂಡು ಒಂದು ಅಕ್ಷದ ಸುತ್ತ ಸುಲಭವಾಗಿ, ಇನ್ನೊಂದರ ಸುತ್ತ ತುಸು ಕಷ್ಟದಿಂದ ತಿರುಗುತ್ತದೆ. ಜೋರು ಚೆಂಡುಗಳಲ್ಲೂ ಈ ಜಡತ್ವದ ವ್ಯತ್ಯಾಸ ನೂರಕ್ಕೆ ನಾಲ್ಕರ ಆಸುಪಾಸು ಮಾತ್ರ. ಸರಿಯಾದ ಜಾಗದ ಒಂದು ತೂತು ಅದರಲ್ಲಿ ಸುಮಾರು ಮೂರನೇ ಒಂದು ಪಾಲನ್ನು ಏರಿಳಿಸಬಲ್ಲದು. ಚೆಂಡಿನ ಎದುರು ತೂತು ಕ್ಷುಲ್ಲಕ, ಆ ವ್ಯತ್ಯಾಸದ ಎದುರು ದೊಡ್ಡದು.

ಸುಲಭವಾಗಿ ತಿರುಗುವ ಅಕ್ಷದ ತುದಿಯನ್ನು ಚೆಂಡಿನ ಮೇಲೆ ಬಣ್ಣದ ಚುಕ್ಕೆಯೊಂದು ತೋರಿಸುತ್ತದೆ. ಅಲ್ಲಿ ಕೊರೆದರೆ ವ್ಯತ್ಯಾಸ ತಗ್ಗುತ್ತದೆ; ಅದಕ್ಕೆ ಅಡ್ಡವಾಗಿರುವ, ಕಷ್ಟದ ಅಕ್ಷದ ತುದಿಯಲ್ಲಿ ಕೊರೆದರೆ ಹೆಚ್ಚುತ್ತದೆ.

ಹೆಚ್ಚಿದರೆ ಏನಾಗುತ್ತದೆ? ಲೇನ್‌ನಲ್ಲಿ ಆಟಗಾರ ನಿಲ್ಲುವ ಗೆರೆಯಿಂದ ಮೊದಲ ಪಿನ್‌ಗೆ 60 ಅಡಿ. ಮೊದಲ ನಲವತ್ತು ಅಡಿಯಷ್ಟಕ್ಕೆ ಎಣ್ಣೆ ಸವರಿರುತ್ತಾರೆ, ಆಮೇಲೆ ಒಣ ಮರ ಅಥವಾ ಸಿಂಥೆಟಿಕ್ ನೆಲ. ಎಣ್ಣೆಯ ಮೇಲೆ ಜಾರುವಾಗ ಚೆಂಡಿನ ತಿರುಗು ಅಕ್ಷ ಮೆಲ್ಲನೆ ಜರುಗುತ್ತದೆ; ಜಡತ್ವದ ವ್ಯತ್ಯಾಸ ಹೆಚ್ಚಿದಷ್ಟೂ ಹೆಚ್ಚು ಜರುಗುತ್ತದೆ. ಆದ್ದರಿಂದ ಪ್ರತಿ ಸುತ್ತಿಗೂ ನೆಲಕ್ಕೆ ತಾಗುವ ಗೆರೆ ತುಸು ಪಕ್ಕಕ್ಕೆ ಸರಿಯುತ್ತದೆ. ವಾಪಸು ಬಂದ ಚೆಂಡನ್ನು ತಿರುಗಿಸಿ ನೋಡಿದರೆ ಬೀಸಣಿಗೆಯಂತೆ ಹರಡಿದ ಎಣ್ಣೆಯ ಬಳೆಗಳು ಕಾಣುತ್ತವೆ. ಅವು ಅಗಲವಾಗಿ ಹರಡಿದಷ್ಟೂ ಎಣ್ಣೆ ತಾಗದ ಹೊಸ ಮೈ ನೆಲಕ್ಕೆ ಸಿಗುತ್ತದೆ. ಒಣ ಭಾಗಕ್ಕೆ ಬಂದೊಡನೆ ಚೆಂಡು ಹಿಡಿತ ಸಾಧಿಸಿ ಚಕ್ಕನೆ ತಿರುವು ಪಡೆಯುತ್ತದೆ. ಬಳೆಗಳು ಒಂದರ ಮೇಲೊಂದು ಕೂತರೆ, ಅದೇ ಎಣ್ಣೆ ಮೆತ್ತಿದ ಪಟ್ಟಿಯ ಮೇಲೆ ಉರುಳಿ ಉರುಳಿ ತಿರುವು ತಡವಾಗುತ್ತದೆ, ಮೆದುವಾಗುತ್ತದೆ.

ಅಮೆರಿಕದ ಬೌಲಿಂಗ್ ಸಂಸ್ಥೆ 2020ರ ಆಗಸ್ಟ್ 1ರಿಂದ ತನ್ನ ಸ್ಪರ್ಧೆಗಳಲ್ಲಿ ಹಿಡಿಯಲು ಬಳಸದ ತೂತುಗಳನ್ನು ನಿಷೇಧಿಸಿತು. ಹಳೆಯ ಚೆಂಡಿನಲ್ಲಿದ್ದವನ್ನು ತುಂಬಿಸಿಕೊಂಡೇ ಆಡಬೇಕಾಯಿತು. ಅದೇ ಹೊತ್ತಿಗೆ ಪಕ್ಕದಿಂದ ಪಕ್ಕಕ್ಕಿರುವ ತೂಕದ ವ್ಯತ್ಯಾಸಕ್ಕೆ 3 ಔನ್ಸ್‌ವರೆಗೆ ಅವಕಾಶ ಕೊಟ್ಟದ್ದರಿಂದ ಆ ತೂತಿನ ಮೂಲ ಕಾರಣವೂ ಬಹುಮಟ್ಟಿಗೆ ಹೋಯಿತು. ನನ್ನ ಮಟ್ಟಿಗೆ ಇದು ಸರಿಯಾದ ನಿರ್ಧಾರವೇ.

ಬೆಂಗಳೂರಿನ ಮಾಲ್‌ಗಳಲ್ಲಿ ಬಾಡಿಗೆಗೆ ಸಿಗುವ ಪ್ಲಾಸ್ಟಿಕ್ ಚೆಂಡುಗಳಿಗೆ ಇದ್ಯಾವುದೂ ಲಾಗೂ ಆಗದು. ಅವುಗಳ ಕೋರ್ ತೀರಾ ಸರಳ, ಮೈ ನುಣುಪು. ನೇರ ಹೋಗಲೆಂದೇ ಮಾಡಿದ್ದು. ಅಲ್ಲಿ ಚೆಂಡು ಗಟಾರಕ್ಕೆ ಬಿದ್ದರೆ ಮೊದಲು ಹೆಬ್ಬೆರಳಿನ ತೂತನ್ನು ನೋಡಿ: ಬಿಗಿಯಾಗಿದ್ದರೆ ಬೆರಳು ತಡವಾಗಿ ಬಿಡುತ್ತದೆ, ಸಡಿಲವಾಗಿದ್ದರೆ ಹಿಂಡಿ ಹಿಡಿಯಬೇಕಾಗುತ್ತದೆ.