ಹಳೆಯ ಮೂಳೆ ಓದುವ ಉದ್ಯೋಗ

ಮೂಳೆ ತಜ್ಞರೆಂದರೆ ನಮಗೆ ನೆನಪಾಗುವುದು ಕೈಕಾಲು ಮುರಿದಾಗ ಪ್ಲಾಸ್ಟರ್ ಹಾಕುವ ಡಾಕ್ಟರು. ಬ್ರಿಟನ್ನಿನಲ್ಲಿ ಇನ್ನೊಂದು ಬಗೆಯವರಿದ್ದಾರೆ. ನೂರಾರು, ಸಾವಿರಾರು ವರ್ಷಗಳ ಹಿಂದಿನ ಜನ ತಿಂದು ಬಿಸಾಡಿದ ದನ, ಕುರಿ, ಹಂದಿಗಳ ಮೂಳೆಯನ್ನು ಪರೀಕ್ಷಿಸಿ ವರದಿ ಬರೆಯುವುದೇ ಇವರ ಜೀವನೋಪಾಯ.

ಇದಕ್ಕೆ ಹಣ ಕೊಡುವವರು ಯಾರು? ಕಟ್ಟಡ ಕಟ್ಟುವವರು! ಇಂಗ್ಲೆಂಡಿನಲ್ಲಿ 1990ರಲ್ಲಿ ಬಂದ ಸರ್ಕಾರಿ ಮಾರ್ಗಸೂಚಿಯ ನಂತರ, ನಿರ್ಮಾಣದಿಂದ ನೆಲದಡಿಯ ಅವಶೇಷಗಳಿಗೆ ಧಕ್ಕೆಯಾಗುವಂತಿದ್ದರೆ ಉತ್ಖನನದ ವೆಚ್ಚವನ್ನು ಕಟ್ಟುವವರೇ ಭರಿಸುವ ಪದ್ಧತಿ ಬೇರೂರಿತು. ಅಗೆತದ ಗುತ್ತಿಗೆ ಹಿಡಿಯುವ ದೊಡ್ಡ ಸಂಸ್ಥೆಗಳಲ್ಲಿ ಮೂಳೆ ತಜ್ಞರಿಗೆ ಸಂಬಳದ ನೌಕರಿಯುಂಟು. ಉಳಿದವರು ಕೆಲಸಕ್ಕಿಷ್ಟೆಂದು ದರ ಹೇಳಿ ಸ್ವತಂತ್ರವಾಗಿ ದುಡಿಯುತ್ತಾರೆ.

ತೊಳೆದು ಒಣಗಿಸಿದ ಮೂಳೆಗಳು ಪೆಟ್ಟಿಗೆಗಳಲ್ಲಿ ಬರುತ್ತವೆ. ಯಾವ ಪ್ರಾಣಿ, ಯಾವ ಅಂಗ ಎಂದು ಒಂದೊಂದನ್ನೇ ಗುರುತಿಸಬೇಕು. ಹಲ್ಲಿನ ಸವೆತ ವಯಸ್ಸನ್ನು ತಿಳಿಸುತ್ತದೆ. ಎಳೆಯ ಕುರಿಗಳೇ ಹೆಚ್ಚಿದ್ದರೆ ಮಾಂಸಕ್ಕೆ, ಮುದಿ ಕುರಿಗಳು ಹೆಚ್ಚಿದ್ದರೆ ಉಣ್ಣೆಗೆ ಸಾಕಿದ್ದರೆಂದು ಊಹಿಸಬಹುದು. ಕುರಿಯೋ ಮೇಕೆಯೋ ಎಂಬುದು ಮಾತ್ರ ಪಳಗಿದವರನ್ನೂ ಕಾಡುವ ಪ್ರಶ್ನೆ. ಚೂರು ಮೂಳೆಯಾದರೆ 'ಕುರಿ ಅಥವಾ ಮೇಕೆ' ಎಂದೇ ಬರೆದು ಮುಂದೆ ಹೋಗುತ್ತಾರೆ. ಹೋಲಿಸಿ ನೋಡಲು ಇಂದಿನ ಪ್ರಾಣಿಗಳ ಅಸ್ಥಿಪಂಜರಗಳ ಸಂಗ್ರಹ ಬೇಕು. ಸ್ವತಂತ್ರವಾಗಿ ದುಡಿಯುವವರಿಗೆ ಅದನ್ನು ಹೊಂದಿಸುವುದೇ ತಲೆನೋವು.

ಕೆಲಸ ಕುತೂಹಲದ್ದು, ಆದರೆ ಭದ್ರತೆ ಕಡಿಮೆ. ದರ ಮೊದಲೇ ನಿಗದಿಯಾಗಿರುವುದರಿಂದ ಮೂಳೆ ನಿರೀಕ್ಷೆಗಿಂತ ಹೆಚ್ಚು ಬಂದರೆ ತಜ್ಞರ ಸಮಯ ಕರಗುತ್ತದೆ. ಕಟ್ಟಡದ ಕೆಲಸ ನಿಂತರೆ ಇವರ ಕೆಲಸವೂ ನಿಂತಂತೆಯೇ. 2008ರ ಆರ್ಥಿಕ ಹಿಂಜರಿತದಲ್ಲಿ ಅಲ್ಲಿನ ಪುರಾತತ್ವಜ್ಞರು ಹಲವರು ನೌಕರಿ ಕಳೆದುಕೊಂಡರು. ಎಂ.ಎ. ಮುಗಿಸಿದ ಮಕ್ಕಳಿಗೆ ಮೊದಲ ಕೆಲವು ವರ್ಷ ಸಿಗುವುದು ಹೆಚ್ಚಾಗಿ ತಾತ್ಕಾಲಿಕ ಕೆಲಸವೇ ಎಂಬುದನ್ನು ಪೋಷಕರು ಗಮನದಲ್ಲಿಡಬೇಕು.

ನಮ್ಮಲ್ಲಿ ಉತ್ಖನನವೆಂದರೆ ಮುಖ್ಯವಾಗಿ ಸರ್ಕಾರಿ ಇಲಾಖೆ ಮತ್ತು ವಿಶ್ವವಿದ್ಯಾಲಯಗಳ ಕೆಲಸ. ಆದರೂ ಈ ವಿದ್ಯೆ ಕನ್ನಡಿಗರಿಗೆ ಹೊಸದೇನಲ್ಲ. ಈಗಿನ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಸಿಕ್ಕ ಮೂಳೆಗಳಲ್ಲಿ ಕುದುರೆಯದೂ ಇದೆ ಎಂದು 1971ರ ವರದಿಯಲ್ಲಿ ಹೇಳಿ ದೊಡ್ಡ ಚರ್ಚೆ ಎಬ್ಬಿಸಿದವರು ಪಶುವೈದ್ಯ ವಿಜ್ಞಾನಿ ಕೆ.ಆರ್. ಆಲೂರ. ಆಸಕ್ತರು ಮೊದಲು ವಿಚಾರಿಸಬೇಕಾದದ್ದು ಪುಣೆಯ ಡೆಕ್ಕನ್ ಕಾಲೇಜು; ಪ್ರಾಣಿಗಳ ಮೂಳೆಗಳ ಅಧ್ಯಯನಕ್ಕೆ ಅಲ್ಲಿ ಹಳೆಯ ಪರಂಪರೆಯಿದೆ.

ಬ್ರಿಟನ್ನಿಗೇ ಹೋಗುವುದಾದರೆ, ಹೋಲಿಕೆಯ ಸಂಗ್ರಹ ಎಷ್ಟಿದೆ, ಕೋರ್ಸು ಎಷ್ಟು ವರ್ಷ ನಡೆಯುವ ಭರವಸೆಯಿದೆ ಎಂದು ಶುಲ್ಕ ಕಟ್ಟುವ ಮೊದಲೇ ಕೇಳಿ ತಿಳಿಯಿರಿ. ಈ ವಿದ್ಯೆಗೆ ಹೆಸರಾಗಿದ್ದ ಷೆಫೀಲ್ಡ್ ವಿಶ್ವವಿದ್ಯಾಲಯವೇ ತನ್ನ ಪುರಾತತ್ವ ವಿಭಾಗವನ್ನು ಮುಚ್ಚಲು 2021ರಲ್ಲಿ ನಿರ್ಧರಿಸಿತು.